ಇಲ್ಲದ ಕಾರ್ಡು ಹೋದ ಕಥೆ

ಕಡೂರಿನಲ್ಲಿ ಗಣಪತಿ ಬಿಡುವ ದಿನ ಟ್ರ್ಯಾಕ್ಟರಿನ ಮೇಲೆ ಪೇರಿಸಿದ ಡಿಜೆ ಪೆಟ್ಟಿಗೆಗಳು ಒಮ್ಮೆ ಗುಡುಗಿದರೆ ಸಾಕು, ತರೀಕೆರೆ ಏರಿಯ ಆ ಹೆಸರಾಂತ ಮೂರು ಕುರಿಮರಿಗಳೂ ಮೇವು ಬಿಟ್ಟು ಓಟ ಕೀಳಬೇಕು. ಶಬ್ದಮಾಲಿನ್ಯ ನಿಯಮಗಳು 2000ನೇ ಇಸವಿಯಿಂದ ಜಾರಿಯಲ್ಲಿವೆ: ಜನವಸತಿಯಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆ ಇದನ್ನು ಚಾಚೂ ತಪ್ಪದೆ ಪಾಲಿಸುತ್ತಿರುವುದು ಹಳೇ ಕಂಪ್ಯೂಟರು ಒಂದೇ. ಪಿ.ಬಿ. ಶ್ರೀನಿವಾಸರ ಹಾಡು ಹಾಕಿ, ಸ್ಪೀಕರಿಗೆ ಕಿವಿ ಹಚ್ಚಿ ಕೂರಬೇಕು. ಅವರು ಮೊದಲೇ ಕಿರುಚಿದವರಲ್ಲ. ಹಾಡೋ ಕ್ಯಾಸೆಟ್ಟಿನಿಂದ ಇಳಿಸಿಕೊಂಡದ್ದು.

ರಿಪೇರಿಯವನನ್ನು ಕರೆಸಿದರೆ ಮುಚ್ಚಳ ಬಿಚ್ಚುವ ಮೊದಲೇ ತೀರ್ಪು: "ಸೌಂಡ್ ಕಾರ್ಡ್ ಹೋಗಿದೆ ಸಾರ್, ಹೊಸದು ಹಾಕ್ಬೇಕು." ಇಂಟೆಲ್ ಕಂಪನಿ ಎಸಿ-97 ಎಂಬ ಮಾನದಂಡ ತಂದದ್ದು 1997ರಲ್ಲಿ. ಅದಾದ ಕೆಲವೇ ವರ್ಷಗಳಲ್ಲಿ ಧ್ವನಿಯ ಕೆಲಸವೆಲ್ಲ ಮದರ್‌ಬೋರ್ಡಿನ ಮೇಲೊಂದು ಪುಟ್ಟ ಚಿಪ್ಪಿಗೆ ಬಂತು. ಮನೆಮನೆಯ ಹಳೇ ಪೆಟ್ಟಿಗೆಗಳಲ್ಲಿ ಬಹುಪಾಲಿಗೆ ಬೇರೆ ಕಾರ್ಡೇ ಇಲ್ಲ. ಇಲ್ಲದ್ದು ಹೋಗುವುದು ಹೇಗೆ ಎಂದು ಕೇಳುವಂತಿಲ್ಲ. ನಮ್ಮಲ್ಲಿ ಕಟ್ಟದ ಸೇತುವೆಯೇ ಕೊಚ್ಚಿಹೋಗುವುದುಂಟು.

ಕಾರ್ಡಿನಿಂದ ಪಾರಾದವರು ಸ್ಪೀಕರಿಗೆ ಸಿಕ್ಕಿಬೀಳುತ್ತಾರೆ. ಡಬ್ಬದ ಮೇಲೆ 5000 ವ್ಯಾಟ್ ಎಂದು ಬೆಂಕಿಯ ಬಣ್ಣದ ಅಕ್ಷರ, ಮೂಲೆಯಲ್ಲಿ ಇರುವೆ ಗಾತ್ರದಲ್ಲಿ ಪಿಎಂಪಿಒ, ಅಂದರೆ ಕ್ಷಣಮಾತ್ರದ ಉತ್ತುಂಗದ ಲೆಕ್ಕ. ಜೊತೆಗೆ ಕೊಟ್ಟ ಅಡಾಪ್ಟರ್ ತಿರುಗಿಸಿ ನೋಡಿ: 9 ವೋಲ್ಟ್, 1 ಆಂಪಿಯರ್. ಗುಣಿಸಿದರೆ 9 ವ್ಯಾಟ್. ಉಳಿದ 4991 ವ್ಯಾಟ್ ಚುನಾವಣಾ ಪ್ರಣಾಳಿಕೆಯ ಇಲಾಖೆಯಿಂದ ಬರಬೇಕು.

ನಿಜವಾದ ರೋಗ ಇರುವುದು ಮೇಜುಗಳಲ್ಲಿ. ಅಜ್ಜಂಪುರದಲ್ಲಿ ಕೊಟ್ಟ ಅರ್ಜಿ ತಾಲ್ಲೂಕು ಕಚೇರಿ ದಾಟಿ, ತರೀಕೆರೆಯ ಉಪವಿಭಾಗಾಧಿಕಾರಿಯ ಮೇಜು ಹತ್ತಿಳಿದು, ಚಿಕ್ಕಮಗಳೂರು ಮುಟ್ಟುವಷ್ಟರಲ್ಲಿ ಎಷ್ಟು ಉಳಿದಿರುತ್ತದೆ? ಹಾಡಿನ ಪಾಡೂ ಅದೇ. ಹಾಡು ನುಡಿಸುವ ವಿನ್‌ಆಂಪಿನ ಗುಂಡಿ ಒಂದು ಮೇಜು. ವಿಂಡೋಸ್ ಎಕ್ಸ್‌ಪಿಯ 'ವೇವ್' ಇನ್ನೊಂದು, ಮುಖ್ಯ 'ವಾಲ್ಯೂಮ್' ಮತ್ತೊಂದು, ಸ್ಪೀಕರಿನ ತಿರುಗುಗುಂಡಿ ಕಡೆಯದು. ನಾಲ್ವರೂ ತಲಾ ಅರ್ಧ ಕೊಯ್ದರೆ ಕಿವಿಗೆ ಬರುವುದು ಹದಿನಾರರಲ್ಲಿ ಒಂದು ಪಾಲು. ಜನ ಮಾತ್ರ ಮುಖ್ಯ ವಾಲ್ಯೂಮನ್ನೇ ಹಿಡಿದು ಮೇಲಕ್ಕೆ ಜಗ್ಗುತ್ತಾರೆ, ದೊಡ್ಡ ಸಾಹೇಬರನ್ನು ಕಂಡರೆ ಆಯಿತೆಂಬ ಹಳೇ ನಂಬಿಕೆ. ಗುಮಾಸ್ತ 'ವೇವ್' ಕೆಳಗೆ ಕೂತಿದ್ದಾನೆ, ಅವನನ್ನು ಕೇಳಿದವರಿಲ್ಲ. ಗಡಿಯಾರದ ಪಕ್ಕದ ಸ್ಪೀಕರ್ ಚಿತ್ರವನ್ನು ಎರಡು ಸಲ ಒತ್ತಿದರೆ ಸಿಗುತ್ತಾನೆ. ಖರ್ಚಿಲ್ಲ, ಕಾಫಿಯನ್ನೂ ಕೇಳುವುದಿಲ್ಲ.

ವಿಂಡೋಸ್ ಬದಲು ಉಬುಂಟು ಇದ್ದರೆ ಟರ್ಮಿನಲ್ಲಿನಲ್ಲಿ ಆಲ್ಸಾಮಿಕ್ಸರ್ ತೆರೆಯಿರಿ. ಸದ್ದಿನ ಕಂಬದ ಬುಡದಲ್ಲಿ 'ಎಂಎಂ' ಎಂದಿದ್ದರೆ ಬಾಯಿಗೆ ಬೀಗ ಎಂದರ್ಥ, 'ಎಂ' ಕೀಲಿ ಒತ್ತಿದರೆ ತೆರೆಯುತ್ತದೆ. ಸ್ಪೀಕರಿನ ತಂತಿ ಹಸಿರು ತೂತಿನಲ್ಲಿರಬೇಕು; ಗುಲಾಬಿ ಮೈಕಿನದು, ಅದು ಕೇಳಿಸಿಕೊಳ್ಳುವುದೇ ಹೊರತು ಮಾತಾಡುವುದಿಲ್ಲ. ಅಟ್ಟದ ಮೇಲಿನ ಹಳೇ ಸ್ಟೀರಿಯೋದ ಪೆಟ್ಟಿಗೆಗಳನ್ನು ನೇರ ಹಸಿರಿಗೆ ಸಿಕ್ಕಿಸುವ ಜಾಣರೂ ಇದ್ದಾರೆ. ನಡುವೆ ಆಂಪ್ಲಿಫೈಯರ್ ಇಲ್ಲದೆ ಆ ಪೆಟ್ಟಿಗೆ ಗೊಣಗುವುದಷ್ಟೇ.

ವಿಂಡೋಸ್ 7ರಲ್ಲಿ ಇನ್ನೊಂದು ವಿಚಿತ್ರವಿದೆ. ಅಮೆರಿಕದ ಮಗಳು ಇಂಟರ್ನೆಟ್ಟಿನಲ್ಲಿ ಕರೆ ಮಾಡಿದಳೆಂದು ತಿಳಿದರೆ ಕಂಪ್ಯೂಟರು ತಾನಾಗಿಯೇ ಉಳಿದ ಸದ್ದನ್ನು ಶೇ. 80ರಷ್ಟು ತಗ್ಗಿಸುತ್ತದೆ. ಇನ್ನೊಬ್ಬರು ಮಾತಾಡುವಾಗ ತಾನು ತಗ್ಗುವ ಈ ದುರಭ್ಯಾಸವನ್ನು ಅದು ನಮ್ಮ ಗ್ರಾಮಸಭೆಗಳಿಂದ ಕಲಿತದ್ದಂತೂ ಅಲ್ಲ. ಬೇಡವೆಂದರೆ ಸೌಂಡ್ ಸೆಟ್ಟಿಂಗಿನ 'ಕಮ್ಯುನಿಕೇಷನ್ಸ್' ಪುಟಕ್ಕೆ ಹೋಗಿ 'ಡು ನಥಿಂಗ್' ಎಂಬುದನ್ನು ಆರಿಸಬೇಕು. ಕಂಪ್ಯೂಟರಿನಲ್ಲಿ ಅದನ್ನು ನಾವೇ ಹುಡುಕಿ ಒತ್ತಬೇಕು. ಕಚೇರಿಗಳಲ್ಲಾದರೆ ಮೊದಲೇ ಒತ್ತಿಟ್ಟಿರುತ್ತಾರೆ.