ಗುಪ್ತದಾನ ಮೀಮಾಂಸೆ

ಚುನಾವಣಾ ಧನವು ದ್ರವ್ಯಗಳಲ್ಲೆಲ್ಲ ವಿಲಕ್ಷಣವಾದದ್ದು. ಉಳಿದ ದ್ರವ್ಯಗಳು ಗಾತ್ರ ಹೆಚ್ಚಿದಂತೆ ದೂರದಿಂದಲೂ ಕಾಣುತ್ತವೆ. ಇದು ಗಾತ್ರ ಹೆಚ್ಚಿದಂತೆ ಹತ್ತಿರದಿಂದಲೂ ಕಾಣದು. ಭಾರತದ ಶಾಸನಕಾರರು ಏಳು ದಶಕಗಳ ತಪಸ್ಸಿನಿಂದ ಸಿದ್ಧಿಸಿಕೊಂಡ ಈ ಗುಣವನ್ನು ಅರಿಯಲು ಮೀಮಾಂಸಕರ ಆರು ಪ್ರಮಾಣಗಳಲ್ಲಿ ಮೂರು ಸಾಕು.

ಪ್ರತ್ಯಕ್ಷ ಖಂಡ

ಇಂದ್ರಿಯಗಳಿಗೆ ನೇರವಾಗಿ ಸಿಕ್ಕುವುದು ಪ್ರತ್ಯಕ್ಷ. ಚಹಾ, ಉಪ್ಪಿಟ್ಟು, ಹೂವಿನ ಹಾರ, ಶಾಮಿಯಾನ, ಬಾಡಿಗೆ ಕುರ್ಚಿ ಈ ವರ್ಗಕ್ಕೆ ಸೇರುತ್ತವೆ. ಇವುಗಳ ದರಪಟ್ಟಿಯನ್ನು ಜಿಲ್ಲಾ ಚುನಾವಣಾಧಿಕಾರಿ ಮೊದಲೇ ನಿಗದಿ ಮಾಡಿರುತ್ತಾರೆ. ಅಭ್ಯರ್ಥಿಯು ದಿನದ ಖರ್ಚನ್ನು ಬಿಳಿ ಹಾಳೆಯಲ್ಲಿ, ನಗದನ್ನು ಗುಲಾಬಿ ಹಾಳೆಯಲ್ಲಿ, ಬ್ಯಾಂಕ್ ವ್ಯವಹಾರವನ್ನು ಹಳದಿ ಹಾಳೆಯಲ್ಲಿ ಬರೆಯತಕ್ಕದ್ದು. ಅವನು ಮರೆತ ಕುರ್ಚಿಗಳನ್ನು ವಿಡಿಯೊ ತಂಡ ನೆನಪಿಟ್ಟುಕೊಳ್ಳುತ್ತದೆ. ಸಹಾಯಕ ವೆಚ್ಚ ವೀಕ್ಷಕರು ಅದನ್ನೆಲ್ಲ ಬೇರೊಂದು ಪುಸ್ತಕದಲ್ಲಿ ದಾಖಲಿಸುತ್ತಾರೆ. ಕರ್ನಾಟಕದಲ್ಲಿ ವಿಧಾನಸಭಾ ಅಭ್ಯರ್ಥಿಯ ಖರ್ಚಿಗೆ 40 ಲಕ್ಷ, ಲೋಕಸಭಾ ಅಭ್ಯರ್ಥಿಯ ಖರ್ಚಿಗೆ 95 ಲಕ್ಷ ರೂಪಾಯಿ ಮಿತಿ. ಫಲಿತಾಂಶ ಬಂದ 30 ದಿನಗಳೊಳಗೆ ಲೆಕ್ಕ ಒಪ್ಪಿಸದೆ, ತಕ್ಕ ಕಾರಣವನ್ನೂ ಕೊಡದಿದ್ದರೆ 3 ವರ್ಷ ಅನರ್ಹತೆ. ಉಪ್ಪಿಟ್ಟು ತಪ್ಪಿಸಿಕೊಳ್ಳುವ ಮಾತೇ ಇಲ್ಲ.

ಇದಕ್ಕೊಂದು ಅಪವಾದವುಂಟು. ತಾರಾ ಪ್ರಚಾರಕರ ಹೆಲಿಕಾಪ್ಟರು ಸದ್ದಿನಿಂದಲೂ ಧೂಳಿನಿಂದಲೂ ಅತ್ಯಂತ ಪ್ರತ್ಯಕ್ಷ. ಆದರೂ 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 77ನೇ ಕಲಮಿನ ಪ್ರಕಾರ ಆ ಪ್ರಯಾಣ ಅಭ್ಯರ್ಥಿಯ ಲೆಕ್ಕಕ್ಕೆ ಬಾರದು. ಹಾರಲಾರದ ಕುರ್ಚಿಗೆ ಈ ವಿನಾಯಿತಿ ಇಲ್ಲ.

ಅನುಮಾನ ಖಂಡ

ಹೊಗೆ ಕಂಡು ಬೆಂಕಿಯನ್ನು ತಿಳಿಯುವುದು ಅನುಮಾನ. ಅದೇ ಕಾಯ್ದೆಯ 29ಸಿ ಕಲಮಿನಂತೆ 20,000 ರೂಪಾಯಿ ಮೀರಿದ ದೇಣಿಗೆ ಕೊಟ್ಟವರ ವಿವರವನ್ನು ಪಕ್ಷವು ಚುನಾವಣಾ ಆಯೋಗಕ್ಕೆ ತಿಳಿಸಬೇಕು, ಮೀರದಿದ್ದರೆ ತಿಳಿಸಬೇಕಿಲ್ಲ. 2017ರಲ್ಲಿ ನಗದು ದೇಣಿಗೆಯ ಮಿತಿಯನ್ನು 2,000 ರೂಪಾಯಿಗೆ ಇಳಿಸಿದರೂ ಹೆಸರು ಹೇಳಬೇಕಾದ ಗಡಿ ಇದ್ದಲ್ಲೇ ಉಳಿಯಿತು. ದೇಣಿಗೆಯನ್ನು ಗಡಿಯೊಳಗಿನ ತುಂಡುಗಳಾಗಿ ಒಡೆದರೆ ದಾನಿ ಒಬ್ಬನೇ ಹಲವರಾಗಿ ತೋರುತ್ತಾನೆ, ವೇದಾಂತಿಗಳಿಗೆ ಇದು ಹೊಸದಲ್ಲ. ಈ ಖಂಡದಲ್ಲಿ ಅನುಮಾನಕ್ಕೆ ಮಾತ್ರ ಅವಕಾಶ, ನಿಶ್ಚಯಕ್ಕಿಲ್ಲ.

ಅನುಪಲಬ್ಧಿ ಖಂಡ

ಹುಡುಕಿದರೂ ಕಾಣಲಿಲ್ಲ, ಆದ್ದರಿಂದ ಇಲ್ಲ ಎಂದು ತಿಳಿಯುವುದು ಅನುಪಲಬ್ಧಿ. ಭಾಟ್ಟ ಮೀಮಾಂಸಕರ ಈ ಆರನೆಯ ಪ್ರಮಾಣಕ್ಕೆ 2018ರ ಜನವರಿ 2ರಂದು ಚುನಾವಣಾ ಬಾಂಡ್ ಯೋಜನೆಯ ಅಧಿಸೂಚನೆಯ ಮೂಲಕ ಶಾಸನದ ಬಲ ಬಂತು. ಚುನಾವಣಾ ಬಾಂಡುಗಳು 1,000 ರೂಪಾಯಿಯಿಂದ 1 ಕೋಟಿಯವರೆಗಿನ ಮುಖಬೆಲೆಯಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಮಾತ್ರ ದೊರೆಯುತ್ತಿದ್ದವು. ಅವುಗಳ ಆಯುಷ್ಯ 15 ದಿನ. ಕೊಟ್ಟವರು ಯಾರೆಂದು ಪಡೆದವರು ಹೇಳಬೇಕಿರಲಿಲ್ಲ, ಪಡೆದವರು ಯಾರೆಂದು ಕೊಟ್ಟವರು ಹೇಳಬೇಕಿರಲಿಲ್ಲ. ಕಂಪನಿಗಳ ದೇಣಿಗೆ ಅವುಗಳ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 7.5 ಮೀರಬಾರದೆಂಬ ನಿಯಮವನ್ನು 2017ರ ಹಣಕಾಸು ಕಾಯ್ದೆ ಅಳಿಸಿಹಾಕಿತ್ತು. ನಷ್ಟದಲ್ಲಿರುವ ಕಂಪನಿಗೂ ಇದರಿಂದ ದಾನದ ಪುಣ್ಯ ಲಭ್ಯವಾಯಿತು. ಔದಾರ್ಯಕ್ಕೆ ಆದಾಯ ಬೇಕಿಲ್ಲವೆಂದು ಸಿದ್ಧವಾಯಿತು.

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಮಾತನ್ನು ಯೋಜನೆ ಚಾಚೂ ತಪ್ಪದೆ ಪಾಲಿಸಿತು. ಬಾಂಡಿನ ಮೇಲೆ ಬರಿಗಣ್ಣಿಗೆ ಕಾಣದ, ನೇರಳಾತೀತ ಬೆಳಕಿಗೆ ಮಾತ್ರ ಕಾಣುವ ಸಂಖ್ಯೆಯೊಂದಿತ್ತು. ಎರಡು ಕೈಗಳೂ ಅರಿಯದ್ದು ಸರ್ಕಾರಿ ಬ್ಯಾಂಕಿನ ಕಡತದಲ್ಲಿತ್ತು.

ಪೂರ್ವಪಕ್ಷ

ಹೆಸರು ಬಯಲಾದರೆ ದಾನಿಯ ಮೇಲೆ ಉಳಿದ ಪಕ್ಷಗಳು ಹಗೆ ಸಾಧಿಸುತ್ತವೆ. ಆದ್ದರಿಂದ ಗೋಪ್ಯತೆ ಬೇಕು ಎಂಬುದು ಸರ್ಕಾರದ ವಾದ. ಪಕ್ಷಗಳ ಹಣದ ಮೂಲವನ್ನು ತಿಳಿಯುವ ಸಾಮಾನ್ಯ ಹಕ್ಕು ಪ್ರಜೆಗಳಿಗಿಲ್ಲವೆಂದು ಅಟಾರ್ನಿ ಜನರಲ್ 2023ರಲ್ಲಿ ಸುಪ್ರೀಂ ಕೋರ್ಟಿಗೆ ನಿವೇದಿಸಿದರು. ಪ್ರಜೆಯ ಹಕ್ಕು ಉಪ್ಪಿಟ್ಟಿನ ದರದಲ್ಲಿ ಕೊನೆಗೊಳ್ಳುತ್ತದೆ ಎಂಬುದು ಇದರ ತಾತ್ಪರ್ಯ.

ಸಿದ್ಧಾಂತ

2024ರ ಫೆಬ್ರವರಿ 15ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಈ ಪೂರ್ವಪಕ್ಷವನ್ನು ಖಂಡಿಸಿ, ಯೋಜನೆ ಮತದಾರನ ಮಾಹಿತಿ ಹಕ್ಕಿಗೆ ವಿರುದ್ಧವೆಂದು ರದ್ದುಪಡಿಸಿತು, ಬಾಂಡುಗಳ ವಿವರ ಒಪ್ಪಿಸುವಂತೆ ಬ್ಯಾಂಕಿಗೆ ಆದೇಶಿಸಿತು. ಕೊಂಡವರ ವಿವರ ಒಂದೆಡೆ, ನಗದು ಮಾಡಿಕೊಂಡವರ ವಿವರ ಇನ್ನೊಂದೆಡೆ ಇದೆ, ಹೊಂದಿಸಲು ಜೂನ್ 30ರವರೆಗೆ ಸಮಯ ಬೇಕು ಎಂದಿತು ಬ್ಯಾಂಕು. 2019ರ ಏಪ್ರಿಲ್‌ನಿಂದ ಖರೀದಿಯಾದ ಬಾಂಡುಗಳು 22,217. ಜೂನ್ 30ರ ಹೊತ್ತಿಗೆ ಲೋಕಸಭಾ ಚುನಾವಣೆ ಮುಗಿದಿರುತ್ತಿದ್ದುದು ಕಾಕತಾಳೀಯ ನ್ಯಾಯಕ್ಕೆ ಉತ್ತಮ ಉದಾಹರಣೆ. ಮಾರ್ಚ್ 11ರಂದು ನ್ಯಾಯಾಲಯ ಒಪ್ಪದಿದ್ದಾಗ ಮರುದಿನವೇ ಪಟ್ಟಿಗಳು ಚುನಾವಣಾ ಆಯೋಗದ ಕೈಸೇರಿದವು. ಹೊಂದಿಸಲು ಬೇಕಾದ ಗುಪ್ತ ಸಂಖ್ಯೆಗಳು ಮಾರ್ಚ್ 21ರಂದು ಬಂದವು. ಭಯವಿದ್ದಲ್ಲಿ ಗಣಿತ ವೇಗವಾಗಿ ಸಾಗುತ್ತದೆ ಎಂಬ ಉಪಸಿದ್ಧಾಂತವನ್ನು ಇಲ್ಲಿಂದ ಪಡೆಯಬಹುದು.

ಫಲಶ್ರುತಿ

ಈ ಶಾಸ್ತ್ರವನ್ನು ಅಧ್ಯಯನ ಮಾಡಿದ ಮತದಾರನಿಗೆ ತನ್ನ ಕ್ಷೇತ್ರದ ಅಭ್ಯರ್ಥಿ ಹಾರಗಳಿಗೆ ಎಷ್ಟು ತೆತ್ತನೆಂಬ ಜ್ಞಾನ ಉಂಟಾಗುತ್ತದೆ. ಪಕ್ಷದ ವಿಚಾರದಲ್ಲಿ ಅಷ್ಟು ಫಲವಿಲ್ಲ. ಆರು ರಾಷ್ಟ್ರೀಯ ಪಕ್ಷಗಳು ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆಂದು ಕೇಂದ್ರ ಮಾಹಿತಿ ಆಯೋಗ 2013ರಲ್ಲೇ ಸಾರಿತು. ಪಕ್ಷಗಳು ಆ ಆದೇಶವನ್ನು ಪಾಲಿಸಲಿಲ್ಲ. ಬಾಂಡು ಹೋಯಿತು, 20,000ದ ಗಡಿ ಉಳಿಯಿತು. ಅಭ್ಯರ್ಥಿಯ ಖರ್ಚಿಗೆ ಮಿತಿಯುಂಟು. ಪಕ್ಷದ ಖರ್ಚಿಗೆ ಕಾನೂನಿನಲ್ಲಿ ಇಂದಿಗೂ ಮಿತಿಯಿಲ್ಲ.