ನಕ್ಷಾಮೀಮಾಂಸೆ: ಮನೆಯ ಮೇಲೆ ಮನೆ ಏರಿಸುವವರಿಗಾಗಿ, ಸ್ವೋಪಜ್ಞ ಭಾಷ್ಯಸಹಿತ

ಪೀಠಿಕೆ

ಗೃಹಸ್ಥನಾದವನು ಓದದೆಯೇ ತಲೆಯಾಡಿಸುವ ಕಾಗದಗಳು ಮೂರು: ಜಾತಕ, ಸಾಲಪತ್ರ, ಮನೆಯ ನಕ್ಷೆ. ಜಾತಕ ಓದಲು ಜೋಯಿಸರಿದ್ದಾರೆ. ಸಾಲಪತ್ರವನ್ನು ಕಂತು ತಪ್ಪಿದ ದಿನ ಬ್ಯಾಂಕಿನವರೇ ಗಟ್ಟಿಯಾಗಿ ಓದಿ ಹೇಳುತ್ತಾರೆ. ನಕ್ಷೆಗೆ ಮಾತ್ರ ಭಾಷ್ಯಕಾರರಿಲ್ಲ. ಈ ಕೊರತೆ ನೀಗಲೆಂದು, ಧಾರವಾಡದಲ್ಲಿ 30×40 ಅಡಿಯ ಪ್ಲಾಟಿನಲ್ಲಿರುವ ನಮ್ಮ ಮನೆಯ ಮೇಲೊಂದು ಖೋಲಿ ಹಾಗೂ ಸಂಡಾಸು-ಬಚ್ಚಲು ಏರಿಸಲು ಹೊರಟ ಪಾಂಡಿತ್ಯದ ಬಲದಿಂದ ನಾವು ಈ ಗ್ರಂಥ ರಚಿಸಿದ್ದೇವೆ. ‘ನಾವು’ ಎಂಬ ಬಹುವಚನ ಶಾಸ್ತ್ರಮರ್ಯಾದೆಯದು. ಸಾಲ ತೀರಿಸುವವನು ಏಕವಚನ.

ಇತಿಹಾಸ

ಮಧ್ಯಪ್ರದೇಶದ ಭೋಜಪುರದಲ್ಲಿ 11ನೇ ಶತಮಾನದ ಶಿಲ್ಪಿಗಳು ಶಿವಾಲಯದ ನಕ್ಷೆಗಳನ್ನು ಸುತ್ತಲಿನ ಬಂಡೆಗಳ ಮೇಲೆಯೇ ಕೊರೆದರು. ಗಾಳಿಗೆ ಹಾರದ, ಚಹಾದ ಕಲೆ ಹಿಡಿಯದ, ಗೌಂಡಿಯ ಕಿಸೆಯಲ್ಲಿ ಮುದುಡದ ನಕ್ಷೆ ಅದು. ಆದರೂ ಗುಡಿ ಪೂರ್ತಿಯಾಗಲಿಲ್ಲ. ನಕ್ಷೆ ಗಟ್ಟಿಯಾಗಿದ್ದ ಮಾತ್ರಕ್ಕೆ ಕಟ್ಟಡ ಮುಗಿಯದೆಂಬ ಪರಮಸತ್ಯ ಹೀಗೆ ಸಾವಿರ ವರ್ಷದ ಹಿಂದೆಯೇ ಶಿಲಾಲಿಖಿತವಾಯಿತು.

1842ರಲ್ಲಿ ಇಂಗ್ಲೆಂಡಿನ ಜಾನ್ ಹರ್ಷೆಲ್ ಕಬ್ಬಿಣದ ಲವಣ ಬಳಿದ ಕಾಗದವನ್ನು ಬಿಸಿಲಿಗೆ ಹಿಡಿದು ನೀಲಿ ಪ್ರತಿ ತೆಗೆಯುವ ವಿದ್ಯೆ ಕಂಡುಹಿಡಿದ. ‘ನೀಲನಕ್ಷೆ’ ಹುಟ್ಟಿದ್ದು ಅಲ್ಲಿಂದ. ಈಗಿನ ನಕ್ಷೆಗಳಲ್ಲಿ ನೀಲಿ ಇಲ್ಲ. ಭಾಷಣಗಳಲ್ಲಿ ಬರುವ ‘ಅಭಿವೃದ್ಧಿಯ ನೀಲನಕ್ಷೆ’ಯಲ್ಲಿ ನಕ್ಷೆಯೂ ಇಲ್ಲ.

ಸೂತ್ರ 1: ಮುಚ್ಚಳ ತೆಗೆದದ್ದು ಪ್ಲ್ಯಾನ್

ಭಾಷ್ಯ: ನೆಲದಿಂದ ಸುಮಾರು 4 ಅಡಿ ಎತ್ತರದಲ್ಲಿ ಮನೆಯನ್ನು ಅಡ್ಡಡ್ಡ ಕೊಯ್ದು, ಮೇಲಿನ ಭಾಗವನ್ನು ಪಕ್ಕಕ್ಕಿಟ್ಟು, ಒಗ್ಗರಣೆ ಡಬ್ಬಿಯೊಳಗೆ ಇಣುಕಿದಂತೆ ನೋಡಿದರೆ ಕಾಣುವುದೇ ಪ್ಲ್ಯಾನ್. ಕೊಯ್ಲಿಗೆ ಸಿಕ್ಕ ಗೋಡೆ ದಪ್ಪ ಗೆರೆ. ಕೊಯ್ಲಿನ ಕೆಳಗೆ ಕಾಣುವ ಕಟ್ಟೆ, ಮೆಟ್ಟಿಲು ತೆಳು ಗೆರೆ.

ಪೂರ್ವಪಕ್ಷ: ಚುಕ್ಕೆಗೆರೆಯೆಂದರೆ ಎಂಜಿನಿಯರರು ಇನ್ನೂ ಯೋಚಿಸುತ್ತಿದ್ದಾರೆಂದು ಅರ್ಥ. ಮೆಟ್ಟಿಲು ಅರ್ಧಕ್ಕೇ ಮುರಿದಿರುವುದು ನಾವು ಕೊಟ್ಟ ಅಡ್ವಾನ್ಸಿಗೆ ತಕ್ಕಂತೆ.

ಸಿದ್ಧಾಂತ: ಹಾಗಲ್ಲ. ಚುಕ್ಕೆಗೆರೆ ಕೊಯ್ಲಿಗಿಂತ ಮೇಲಿರುವ ತೊಲೆ, ಅಟ್ಟ, ಸಜ್ಜಾಗಳ ನೆರಳು. ಅದನ್ನು ಕಡೆಗಣಿಸಿದವನು ಅಟ್ಟದ ಅಂಚಿಗೆ ಹಣೆ ಬಡಿದುಕೊಂಡು ಜ್ಞಾನಿಯಾಗುತ್ತಾನೆ. ಮೆಟ್ಟಿಲು 4 ಅಡಿ ದಾಟಿದ ಮೇಲೆ ಪಕ್ಕಕ್ಕಿಟ್ಟ ಮುಚ್ಚಳದೊಂದಿಗೆ ಹೋಯಿತು; ಆದ್ದರಿಂದ ಮುರುಕುಗೆರೆ. ಬಾಗಿಲಿನ ಬಳಿಯ ಕಾಲುವೃತ್ತವನ್ನು ನಾವು ರಂಗೋಲಿಯೆಂದು ಬಗೆದಿದ್ದೆವು. ಅದು ಬಾಗಿಲು ತೆರೆದಾಗ ಓಡಾಡುವ ಜಾಗ. ಅಲ್ಲಿ ಬೀರು ಇಟ್ಟರೆ ಬಾಗಿಲು ಅಥವಾ ಬೀರು, ಯಾವುದಾದರೂ ಒಂದೇ ತೆರೆಯುತ್ತದೆ.

ಸೂತ್ರ 2: ನಿಲ್ಲಿಸಿ ಸೀಳಿದ್ದು ಸೆಕ್ಷನ್

ಭಾಷ್ಯ: ಹಲಸಿನಹಣ್ಣನ್ನು ನಿಲ್ಲಿಸಿ ಸೀಳಿದರೆ ತೊಳೆ ಎಲ್ಲಿ, ದಿಂಡು ಎಲ್ಲಿ ಎಂದು ತಿಳಿಯುವಂತೆ, ಸೆಕ್ಷನ್ನಿನಲ್ಲಿ ಪಾಯ, ಸ್ಲ್ಯಾಬು, ತೊಲೆಯ ಆಳ ತಿಳಿಯುತ್ತವೆ. ಪ್ಲ್ಯಾನಿನ ಮೇಲಿನ ‘ಎ–ಎ’ ಎಂಬುದು ಎಂಜಿನಿಯರರ ಆಕಳಿಕೆಯಲ್ಲ. ಕತ್ತಿ ಎಲ್ಲಿ ಇಳಿಯಿತು ಎಂಬುದರ ಗುರುತು, ಬಾಣ ನೋಟದ ದಿಕ್ಕು.

ಮೆಟ್ಟಿಲಿನ ಸತ್ಯ ತಿಳಿಯುವುದೂ ಇಲ್ಲಿಯೇ. ನೆಲದಿಂದ ನೆಲಕ್ಕೆ 10 ಅಡಿ, ಅಂದರೆ 120 ಇಂಚು ಏರಬೇಕು. ಮೆಟ್ಟಿಲಿಗೆ 6 ಇಂಚು ಎತ್ತರವಾದರೆ 20 ಏರು, ನಡುವೆ 19 ಹೆಜ್ಜೆಜಾಗ. ಒಂದೊಂದು 10 ಇಂಚು ಅಗಲವಾದರೆ ಒಟ್ಟು 190 ಇಂಚು, ಹೆಚ್ಚುಕಡಿಮೆ 16 ಅಡಿ. ಹಾಳೆಯ ಮೇಲೆ ಬೆರಳುದ್ದ ಕಂಡ ಈ ಹಾವು ನೆಲಕ್ಕಿಳಿದಾಗ ಸ್ಕೂಟರ್ ನಿಲ್ಲಿಸುವ ಜಾಗವನ್ನು ನುಂಗಿತು. ಅದನ್ನು ನಡುವೆ ಮಡಿಸಿ ತಿರುಗಿಸಿದ ಮೇಲೆ ಸ್ಕೂಟರು ಉಳಿಯಿತು.

ಸೆಕ್ಷನ್ನಿನಲ್ಲಿ ಏರಿದ ಆ ಮೆಟ್ಟಿಲುಗಳನ್ನು ನೋಡಿ ನಮ್ಮ ಅವ್ವ, “ಛಲೋ ಮುರಗಿ ಹಾಕ್ಯಾರ,” ಅಂದಳು. ಮುರಗಿಯೆಂದರೆ ಕಸೂತಿಯಲ್ಲಿ ಮೆಟ್ಟಿಲುಮೆಟ್ಟಿಲಾಗಿ ಸಾಗುವ ಹೊಲಿಗೆ. ಈ ಅಶಾಸ್ತ್ರೀಯ ಅಭಿಪ್ರಾಯವನ್ನು ನಾವು ಮುಗುಳ್ನಕ್ಕು ತಳ್ಳಿಹಾಕಿದೆವು.

ಸೂತ್ರ 3: ಹೆಣ್ಣು ತೋರಿಸಲು ತೆಗೆಸಿದ ಫೋಟೊ ಎಲಿವೇಶನ್

ಭಾಷ್ಯ: ಮನೆಯವರೆಲ್ಲ ಸೇರಿ ನೋಡುವ ಏಕೈಕ ಹಾಳೆ ಇದು. ಇದರ ಬಣ್ಣದ ಅವತಾರದಲ್ಲಿ ಎರಡು ತೆಂಗಿನಮರ, ಹಸಿರು ಹುಲ್ಲು, ನಮ್ಮದಲ್ಲದ ಕೆಂಪು ಕಾರು ಇರುತ್ತವೆ. ಎದುರಿನ ಟ್ರಾನ್ಸ್‌ಫಾರ್ಮರು, ಪಕ್ಕದ ಮನೆಯ ಒಣಹಾಕಿದ ಬಟ್ಟೆ ಇರುವುದಿಲ್ಲ. ಗ್ರಿಲ್ಲಿಗೆ ಯಾವ ಬಣ್ಣವೆಂದು ನಮ್ಮಲ್ಲಿ ನಾಲ್ಕು ಸಂಜೆ ಶಾಸ್ತ್ರಾರ್ಥ ನಡೆಯಿತು. ಪ್ಲ್ಯಾನಿಗೆ ದೊರೆತದ್ದು ಒಂದು ಕಪ್ಪು ಚಹಾ ಕುಡಿಯುವಷ್ಟು ಹೊತ್ತು.

ಸೂತ್ರ 4: ಬೆರಳಿಗಿಂತ ಅಂಕಿ ದೊಡ್ಡದು

ಭಾಷ್ಯ: 1:100 ಸ್ಕೇಲಿನಲ್ಲಿ ಹಾಳೆಯ 1 ಸೆಂಟಿಮೀಟರು ನೆಲದ ಮೇಲೆ 1 ಮೀಟರು. ದೊಡ್ಡ ಹಾಳೆಯನ್ನು ಝೆರಾಕ್ಸ್ ಅಂಗಡಿಯಲ್ಲಿ ಕುಗ್ಗಿಸಿದರೆ ಸ್ಕೇಲೂ ಕುಗ್ಗುತ್ತದೆ. ಆದ್ದರಿಂದ ಪಟ್ಟಿ ಹಿಡಿದು ಅಳೆಯಬಾರದು, ಬರೆದ ಅಂಕಿಯನ್ನೇ ನಂಬಬೇಕು. ಅಂಕಿಯನ್ನೂ ಕೇಳಿ ನಂಬಬೇಕು. ಇಟ್ಟಿಗೆಯಿಂದ ಇಟ್ಟಿಗೆಗೆ 10 ಅಡಿ ಎಂದಿದ್ದರೆ, ಎರಡೂ ಕಡೆ ಅರ್ಧರ್ಧ ಇಂಚು ಪ್ಲಾಸ್ಟರು ಕೂತ ಮೇಲೆ ಉಳಿಯುವುದು 9 ಅಡಿ 11 ಇಂಚು. ಬಡಿಗನಿಗೆ 10 ಅಡಿಯ ಕಪಾಟು ಹೇಳಿದವರು ಆ ಒಂದು ಇಂಚನ್ನು ಎಂದೂ ಮರೆಯುವುದಿಲ್ಲ.

ಇಲ್ಲಿ ನಮ್ಮದೊಂದು ಸ್ವತಂತ್ರ ಸಂಶೋಧನೆ. “ಇದು ಖೋಲಿ, ಇದು ಕಿಡಕಿ” ಎಂದು ನಾವು ಹೆಬ್ಬೆರಳಿಟ್ಟು ಮನೆಯವರಿಗೆ ವ್ಯಾಖ್ಯಾನಿಸುತ್ತಿದ್ದೆವು. ಹೆಬ್ಬೆರಳಿನ ಅಗಲ 2 ಸೆಂಟಿಮೀಟರು. ಅಂದರೆ ಪಂಡಿತರು ಬೆರಳಿಟ್ಟ ಕಡೆಯಲ್ಲೆಲ್ಲ 2 ಮೀಟರು ಕತ್ತಲೆ.

ಸೂತ್ರ 5: ಅರಿಶಿನ ಹೋಗುವುದು, ಕುಂಕುಮ ಬರುವುದು

ಭಾಷ್ಯ: ಮಂಜೂರಾತಿಗೆ ಕೊಡುವ ನಕ್ಷೆಯಲ್ಲಿ ಕೆಡಹುವ ಭಾಗಕ್ಕೆ ಹಳದಿ, ಹೊಸದಾಗಿ ಕಟ್ಟುವುದಕ್ಕೆ ಕೆಂಪು ಹಾಕುವುದು ಸಂಪ್ರದಾಯ. ಇದನ್ನರಿಯದ ನಾವು ಮಾಳಿಗೆಯ ಪ್ಯಾರಾಪೆಟ್ಟಿಗೆ ಅರಿಶಿನ ಬಳಿದದ್ದು ಕಂಡು, ಇದೇ ಮಂಗಳಸ್ಥಾನವೆಂದು ನಿಶ್ಚಯಿಸಿ, ಕಾಯಿ ಒಡೆದು ಊದಿನಕಡ್ಡಿ ಹಚ್ಚಿದೆವು. ಮರುದಿನ ಮೊದಲ ಸುತ್ತಿಗೆ ಬಿದ್ದದ್ದು ಅಲ್ಲಿಯೇ.

ಪ್ರಮಾಣವಿಚಾರ

ನಕ್ಷೆಗಳು ಮೂರು ಬಗೆ. ಮಂಜೂರಾದದ್ದು ಶ್ರುತಿ: ಎಲ್ಲರೂ ಗೌರವಿಸುತ್ತಾರೆ, ಟ್ರಂಕಿನಲ್ಲಿಡುತ್ತಾರೆ. ಕೆಲಸಕ್ಕೆಂದು ಬರೆದದ್ದು ಸ್ಮೃತಿ: ಕಾಲಕಾಲಕ್ಕೆ ತಿದ್ದಲ್ಪಡುತ್ತದೆ. ಗೌಂಡಿ ಇಟ್ಟಿಗೆಚೂರಿನಿಂದ ಗೋಡೆಯ ಮೇಲೆ ಗೀಚಿದ್ದು ರೂಢಿ. ಶಾಸ್ತ್ರಕ್ಕಿಂತ ರೂಢಿ ಬಲವೆಂದು ಹಿರಿಯರು ಹೇಳಿದ್ದು ಗೌಂಡಿಗಳನ್ನು ಕಂಡೇ ಇರಬೇಕು.

ಉಪಸಂಹಾರ

ಗ್ರಂಥ ಇಲ್ಲಿಗೆ ಮುಗಿಯಬೇಕಿತ್ತು. ಕೆಲಸದ ನಕ್ಷೆಗೆ ಸಹಿ ಹಾಕಲು ನಾವು ಪೆನ್ನು ತೆಗೆದೆವು. ಎಡಗೈ ಹೆಬ್ಬೆರಳು ಹಾಳೆಯನ್ನು ಒತ್ತಿ ಹಿಡಿದಿತ್ತು.

“ತಮ್ಮಾ, ಆ ಹೆಬ್ಬಟ್ಟು ತಗಿ,” ಅಂದಳು ಅವ್ವ. “ಕೆಳಗಿನ ಮನಿದು, ಮ್ಯಾಲಿನ ಮನಿದು ಎರಡೂ ಹಾಳಿ ಕೊಡಿಲ್ಲೆ.”

ಅವ್ವ ಇಳಕಲ್ಲ ಸೀರೆಯ ಮೇಲೆ ಕಸೂತಿ ಹಾಕಿದವಳು. ಅಲ್ಲಿ ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವಂತಿಲ್ಲ. ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಗವಂತಿ ಹೊಲಿಗೆಯಂತೂ ಮುಂದೂ ಹಿಂದೂ ಒಂದೇ ಆಗಿ ಕಾಣಬೇಕು. ಅವಳು ಎರಡೂ ಹಾಳೆಗಳನ್ನು ಒಂದರ ಮೇಲೊಂದಿಟ್ಟು, ಮೂಲೆಗೆ ಮೂಲೆ ಕೂಡಿಸಿ, ಕಿಡಕಿಯ ಗಾಜಿಗೆ ಹಿಡಿದಳು. ಬಿಸಿಲು ಎರಡನ್ನೂ ಹಾಯ್ದು ಬಂತು.

“ಗವಂತಿ ಹಾಕಿದ ಮ್ಯಾಲೆ ಉಲ್ಟಾ ಬಾಜೂನೂ ನೋಡಬೇಕಪಾ. ಇಲ್ನೋಡು, ನಿನ್ನ ಸಂಡಾಸು ನನ್ನ ದೇವರ ತಲಿ ಮ್ಯಾಲೆ ಕುಂತದ.”

ಕುಂತಿತ್ತು. ದೇವರಮನೆಗೆ ಸರಿಯಾಗಿ ಮೇಲೆ, ಇಷ್ಟು ದಿನ ನಮ್ಮ ಹೆಬ್ಬೆರಳಿದ್ದ ಜಾಗದಲ್ಲಿಯೇ.

ಎಂಜಿನಿಯರರು ಮರುಮಾತಾಡದೆ ಅದನ್ನು ಕೆಳಗಿನ ಬಚ್ಚಲಿನ ನೆತ್ತಿಗೆ ಸರಿಸಿದರು. ಕೊಳವೆ ನೆಟ್ಟಗೆ ಇಳಿಯಿತು, ಸ್ಲ್ಯಾಬಿನಡಿ ಅಡ್ಡ ಪೈಪೂ ತಪ್ಪಿತು. ಕಂಪ್ಯೂಟರಿನಲ್ಲಿ ಕಾಲು ಗಂಟೆಯ ಕೆಲಸ. ಗೋಡೆ ಎದ್ದ ಮೇಲಾಗಿದ್ದರೆ ಅದಕ್ಕೂ ಅರಿಶಿನ ಬಳಿಯಬೇಕಿತ್ತು.

ಫಲಶ್ರುತಿ

ಈ ಮೀಮಾಂಸೆಯನ್ನು ಐದು ಸೂತ್ರಸಹಿತ ಪಠಿಸಿದವರ ಬಾಗಿಲು ಬೀರುವಿಗೆ ಬಡಿಯದಿರಲಿ, ಹಣೆ ಅಟ್ಟಕ್ಕೆ ತಾಗದಿರಲಿ. ಪಠಿಸಲು ಪುರುಸೊತ್ತಿಲ್ಲದವರು ಹೆಬ್ಬೆರಳು ತೆಗೆದರೂ ಸಾಕು.