ಲೊಕ್ಕನಹಳ್ಳಿಯ ಹಿಪ್ಪುನೇರಳೆ ಹಣ್ಣು: ಅಸ್ತಿತ್ವ, ಅಪಹರಣ, ರಸಾಯನ

ಹನೂರು ತಾಲ್ಲೂಕಿನ ಲೊಕ್ಕನಹಳ್ಳಿ ಸೀಮೆಯಲ್ಲಿ ಹಿಪ್ಪುನೇರಳೆ ಹಣ್ಣು ಬಿಡುತ್ತದೆಯೇ ಎಂಬ ಪ್ರಶ್ನೆಯನ್ನು ವಿದ್ವಾಂಸರು ಈವರೆಗೆ ಎತ್ತಿಲ್ಲ. ಅವರು ಬರುವ ಮುಂಚೆಯೇ ಯಾರೋ ತಿಂದು ಮುಗಿಸಿರುವುದರಿಂದ ಪ್ರಶ್ನೆ ಹುಟ್ಟುವ ಸಂದರ್ಭವೇ ಒದಗಿಲ್ಲ. ಈ ಕೊರತೆಯನ್ನು ತುಂಬುವುದೇ ಪ್ರಸ್ತುತ ಸಂಪ್ರಬಂಧದ ಉದ್ದೇಶ. ಮೊದಲು ಹಣ್ಣಿದೆ ಎಂದು ಸಾಧಿಸಿ, ಬಳಿಕ ಗಿಡದಿಂದ ಅಡುಗೆಮನೆಯವರೆಗೆ ಅದಕ್ಕೊದಗುವ ಕ್ಷಯವನ್ನು ವಿವೇಚಿಸಿ, ಅಳಿದುಳಿದದ್ದರಿಂದ ಆಗುವ ರಸಾಯನವನ್ನು ನಿರೂಪಿಸಲಾಗುವುದು. ಅವಸರವಿದ್ದವರು ನೇರವಾಗಿ ರಸಾಯನಕ್ಕೆ ಹೋಗಬಹುದು. ಮಾರ್ಗದರ್ಶಕರೂ ಹಾಗೆಯೇ ಮಾಡಿದರು.

ಪೂರ್ವಪಕ್ಷ ಬಲವಾಗಿದೆ. ಹಣ್ಣಿಲ್ಲ ಎನ್ನುವವರ ಕೈಯಲ್ಲಿ ಕಾಗದಪತ್ರಗಳಿವೆ. ಟಿಪ್ಪು ಸುಲ್ತಾನ್ ಹದಿನೆಂಟನೇ ಶತಮಾನದ ಕೊನೆಗೆ ಮೈಸೂರು ಸೀಮೆಯಲ್ಲಿ ರೇಷ್ಮೆ ಬೆಳೆಸಿದಾಗ ಗಿಡ ನೆಡಿಸಿದ್ದು ಹುಳುವಿಗೆ ಸೊಪ್ಪಾಗಲೆಂದು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ಕೊಟ್ಟ ವಿ-1 ತಳಿ ನೀರಾವರಿಯಲ್ಲಿ ಹೆಕ್ಟೇರಿಗೆ ವರ್ಷಕ್ಕೆ 60 ಟನ್‌ನಷ್ಟು ಸೊಪ್ಪು ಕೊಡಬಲ್ಲುದು. ನೂರು ಚಿಟ್ಟೆಗಳು ಇಟ್ಟ ಮೊಟ್ಟೆಯ ಹುಳು ಸಾಕಲು ಹೆಚ್ಚುಕಡಿಮೆ ಒಂದು ಟನ್ ಸೊಪ್ಪು ಬೇಕು. ಸೊಪ್ಪಿಗೆ ಹೀಗೆ ಟನ್ನುಗಟ್ಟಲೆ ಲೆಕ್ಕವಿದ್ದರೆ, ಹಣ್ಣಿಗೆ ಬೊಗಸೆಯ ಲೆಕ್ಕವನ್ನೂ ಯಾರೂ ಇಟ್ಟಿಲ್ಲ. ಹುಳು ಪೊರೆ ಕಳಚುವ ನಾಲ್ಕು ಜ್ವರ ದಾಟಿ ಹಣ್ಣಾಯಿತೆಂದರೆ ಮನೆಮಂದಿಯೆಲ್ಲ ಊಟ ಬಿಟ್ಟು ಗೂಡು ಕಟ್ಟಿಸುವ ಚಂದ್ರಿಕೆ ಹಿಡಿದು ಓಡಾಡುತ್ತಾರೆ. ಗಿಡದಲ್ಲಿ ಹಣ್ಣು ಹಣ್ಣಾದರೆ ತಿರುಗಿ ನೋಡುವವರಿಲ್ಲ. ಈಗಂತೂ ಕೊಂಬೆಸಮೇತ ಕೊಯ್ದು ಹುಳುವಿಗೆ ಹಾಸುವ ಪದ್ಧತಿ ಬಂದು, ತೋಟದ ಸಾಲಿನಲ್ಲಿರುವ ಕಾಯಿಗೆ ಮಾಗಲು ಪುರುಸೊತ್ತೇ ಇಲ್ಲ. ಬದುವಿನ ಮೇಲೆ ಯಾರೋ ಕತ್ತರಿಸಲು ಮರೆತು ಮರವಾಗಿ ಬೆಳೆದದ್ದೊಂದೇ ನಮಗೆ ಗತಿ.

1800ರಲ್ಲಿ ಹನೂರು, ಕೌದಳ್ಳಿಗಳನ್ನು ಹಾದುಹೋದ ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್, ಕಂಡ ಮಣ್ಣು, ಬೆಳೆ, ಕಂದಾಯ ಒಂದನ್ನೂ ಬಿಡದೆ ಬರೆದಿಟ್ಟ ಮನುಷ್ಯ. ಆತ ಈ ಕಡೆಗೆ ಬರುವಷ್ಟರಲ್ಲಿ ಬೇಸಿಗೆ ಕಳೆದು ಹಣ್ಣಿನ ಕಾಲ ಮುಗಿದಿತ್ತು. ಇದು ಕಾಕತಾಳೀಯವೆಂದು ನಂಬಲು ಸಂಶೋಧಕ ಸಿದ್ಧನಿಲ್ಲ.

ಗಡಿಯ ತೊಡಕೊಂದು ಬೇರೆ. ಲೊಕ್ಕನಹಳ್ಳಿ ಆಗ ಸೇರಿದ್ದ ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಕ್ಕದ ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದು ಮೈಸೂರಿನಲ್ಲಿತ್ತು. ಹಾಗಾದರೆ ಲೊಕ್ಕನಹಳ್ಳಿಯಲ್ಲಿ ಕಿತ್ತು, ನಡೆಯುತ್ತ ಹೋಗಿ ಯಳಂದೂರಿನಲ್ಲಿ ನುಂಗಿದ ಹಣ್ಣು ಯಾವ ಸರ್ಕಾರದ್ದು? ಬೀಜ ಉಗುಳುವ ಹಣ್ಣಾಗಿದ್ದರೆ ಬೀಜ ಬಿದ್ದ ಜಾಗದಿಂದ ತೀರ್ಮಾನಿಸಬಹುದಿತ್ತು. ಹಿಪ್ಪುನೇರಳೆ ಆ ಅವಕಾಶವನ್ನೂ ಕೊಡುವುದಿಲ್ಲ. ಬಳಿಕ ಮೈಸೂರು ಜಿಲ್ಲೆ, 1997ರಲ್ಲಿ ಚಾಮರಾಜನಗರ ಜಿಲ್ಲೆ, ಈಚೆಗೆ ಹನೂರು ತಾಲ್ಲೂಕು ಎಂದು ವಿಳಾಸ ಬದಲಾಗುತ್ತ ಹೋದರೂ ಮರ ಬದುವಿನಿಂದ ಅಲುಗಿಲ್ಲ.

ಇನ್ನು ಸಿದ್ಧಾಂತಪಕ್ಷ. ಲಿಖಿತ ಆಧಾರ ಇಲ್ಲದೆಡೆ ಶಾಸನವೇ ಗತಿ. ಮಾದಪ್ಪನ ಬೆಟ್ಟದಲ್ಲಿ ಶಿವರಾತ್ರಿ ಜಾತ್ರೆ ಮುಗಿದು ಯುಗಾದಿ ಜಾತ್ರೆ ಸಮೀಪಿಸುವ ಹೊತ್ತಿಗೆ ಈ ಭಾಗದ ಐಕ್ಳ ನಾಲಗೆಯನ್ನು ಹೊರಕ್ಕೆ ಚಾಚಿಸಿ ಪರಿಶೀಲಿಸಬೇಕು. ಅಲ್ಲಿ ಕಡುನೇರಳೆ ಬಣ್ಣದಲ್ಲಿ, ತುದಿಯಲ್ಲಿ ಗಾಢವಾಗಿಯೂ ಬುಡದಲ್ಲಿ ಮಸುಕಾಗಿಯೂ ಕಾಣುವ ಬರಹವೇ ನಾಲಗೆ ಶಾಸನ. ಸಂಜೆಯೊಳಗೆ ಅಳಿಸಿಹೋಗುವ ಕಾರಣ ಪಡಿಯಚ್ಚು ತೆಗೆಯಲು ಬರುವುದಿಲ್ಲ. ಹೆಚ್ಚು ಕಾಲ ಉಳಿಯುವುದು ಅಂಗಿ ಶಾಸನ. ಹಣ್ಣಿನ ಬಣ್ಣಕ್ಕೆ ಕಾರಣವಾದ ಆಂಥೋಸಯಾನಿನ್ ಹುಳಿ ಸೋಕಿದರೆ ಕೆಂಪಿಗೆ, ಕ್ಷಾರ ಸೋಕಿದರೆ ನೀಲಿಗೆ ತಿರುಗುತ್ತದೆ. ಸೋಪು ಕ್ಷಾರ. ಹೀಗಾಗಿ ಸಾಕ್ಷ್ಯ ನಾಶಪಡಿಸಲು ತೊಟ್ಟಿ ನೀರಿನಲ್ಲಿ ಕದ್ದು ಉಜ್ಜಿದ ಅಂಗಿ, ನೇರಳೆ ಕಲೆಯ ಜಾಗದಲ್ಲಿ ನೀಲಿ ಕಲೆ ಹೊತ್ತು ಅವ್ವನ ಮುಂದೆ ಬರುತ್ತದೆ. ತಿಂದದ್ದರ ಜೊತೆಗೆ ಮುಚ್ಚಿಟ್ಟದ್ದೂ ರುಜುವಾತಾಗುತ್ತದೆ. ರೋಮಿನ ಕವಿ ಓವಿಡ್, ಮೊದಲು ಬೆಳ್ಳಗಿದ್ದ ಈ ಹಣ್ಣು ಪ್ರೇಮಿಗಳ ನೆತ್ತರು ತಗುಲಿ ಬಣ್ಣಗಟ್ಟಿತೆಂದು ಕಥೆ ಹೇಳುತ್ತಾನೆ. ಅಂಗಿ ಹಾಳು ಮಾಡಿಕೊಂಡು ಮನೆಗೆ ಬಂದವನು ಹೇಳಬಹುದಾದ ಸಬೂಬುಗಳಲ್ಲಿ ಇದು ಶ್ರೇಷ್ಠ.

ತೌಲನಿಕವಾಗಿ ನೋಡುವವರಿಗೆ ಇಂಗ್ಲೆಂಡಿನ ನಿದರ್ಶನ ಸಾಕು. ಹದಿನೇಳನೇ ಶತಮಾನದ ಆರಂಭದಲ್ಲಿ ಮೊದಲನೇ ಜೇಮ್ಸ್ ದೊರೆ ರೇಷ್ಮೆಯ ಆಸೆಗೆ ಸಾವಿರಗಟ್ಟಲೆ ಹಿಪ್ಪುನೇರಳೆ ಗಿಡ ತರಿಸಿದ. ಬಂದದ್ದು ಕರಿ ಜಾತಿ. ಹುಳು ಇಷ್ಟಪಡುವುದು ಬಿಳಿ ಜಾತಿಯ ಸೊಪ್ಪನ್ನು. ರೇಷ್ಮೆ ಕೈಕೊಟ್ಟಿತು, ಹಣ್ಣು ಮಾತ್ರ ಭರ್ತಿಯಾಗಿ ಬಿಟ್ಟಿತು. ಕೊಳ್ಳೇಗಾಲದವರು ರೇಷ್ಮೆಯಲ್ಲಿ ಹೆಸರು ಮಾಡಿದ್ದರಿಂದಲೇ ಹಣ್ಣಿನಲ್ಲಿ ಹಿಂದೆ ಬಿದ್ದರೆಂದು ಇದರಿಂದ ಸ್ಪಷ್ಟ.

ಕೀಳುವ ವಿಧಾನ. ಮಾಗಿದ ಹಣ್ಣು ಬೆರಳು ತಾಗಿದೊಡನೆ ತೊಟ್ಟುಸಮೇತ ಕೈಗೆ ಬರುತ್ತದೆ. ಎಳೆದಾಡಿಸುವುದು ಇನ್ನೂ ಕೆಂಪಗಿರುತ್ತದೆ, ಹುಳಿ. ಒಂದೊಂದಾಗಿ ಕೀಳುವವರು ಒಂದೊಂದಾಗಿಯೇ ತಿನ್ನುತ್ತಾರೆ, ಕುಕ್ಕೆ ತುಂಬುವುದಿಲ್ಲ. ಬಲ್ಲವರು ಮರದಡಿ ಹಳೆ ಸೀರೆ ಹಾಸಿ ಕೊಂಬೆ ಅಲುಗಿಸುತ್ತಾರೆ. ಉದುರುವುದರಲ್ಲಿ ಹಣ್ಣಿನೊಡನೆ ಒಣ ಎಲೆಯೂ ಇರುವೆಯೂ ಕೆಲವು ಸಲ ಒಬ್ಬ ಹುಡುಗನೂ ಇರುವುದುಂಟು.

ಕ್ಷಯದ ವಿಷಯದಲ್ಲಿ ಒಂದು ಸೂತ್ರವನ್ನು ಮಂಡಿಸಲಾಗಿದೆ: ಮನೆ ಮುಟ್ಟುವ ಹಣ್ಣು ದಾರಿಯ ಉದ್ದಕ್ಕೂ ಕುಕ್ಕೆ ಹೊತ್ತವರ ವಯಸ್ಸಿಗೂ ಸಂಬಂಧಪಟ್ಟಿದೆ. ದಾರಿ ಬೆಳೆದಂತೆ ಹಣ್ಣು ಕರಗುತ್ತದೆ. ವಯಸ್ಸು ಬೆಳೆದಂತೆ ಕರಗುವುದು ನಿಲ್ಲುವುದಿಲ್ಲ, ಕಾಣದಂತೆ ಆಗುತ್ತದೆ. ಈ ಸೂತ್ರವನ್ನು ಜಗಲಿಯ ಮೇಲೆ ಕೂತಿದ್ದ ಅಜ್ಜಿಯೊಬ್ಬರ ಮುಂದಿಟ್ಟಾಗ ಅವರು, “ಐಕ್ಳ ಕೈಗ್ ಕುಕ್ಕೆ ಕೊಟ್ಮೇಲೆ ಅಣ್ಣಿನ ಲೆಕ್ಕ ಕೇಳ್ಬಾರ್ದು ಕನಪ್ಪ” ಎಂದರು. ಗಣಿತ ಬಿಟ್ಟರೆ ಎರಡಕ್ಕೂ ವ್ಯತ್ಯಾಸವಿಲ್ಲ.

ಈಗ ರಸಾಯನ. ಉಳಿದ ಹಣ್ಣನ್ನು ನೀರಿನಲ್ಲಿ ಒಮ್ಮೆ ಅದ್ದಿ ತೆಗೆಯಿರಿ; ನೆನೆಹಾಕಿದರೆ ರುಚಿ ನೀರಿನ ಪಾಲು. ತೊಟ್ಟು ಚಿವುಟಿ, ಅರ್ಧ ಹಣ್ಣನ್ನು ಕೈಯಲ್ಲೇ ಹಿಸುಕಿ, ಅರ್ಧವನ್ನು ಹಾಗೇ ಬಿಡಿ. ಪುಡಿ ಮಾಡಿದ ಬೆಲ್ಲ, ಒಂದು ಚಿಟಿಕೆ ಉಪ್ಪು ಬೆರೆಸಿ ಮುಚ್ಚಿಟ್ಟರೆ ಒಸಿ ಹೊತ್ತಿಗೆ ತಾನೇ ರಸ ಬಿಟ್ಟುಕೊಳ್ಳುತ್ತದೆ. ಆಮೇಲೆ ಗಟ್ಟಿ ಕಾಯಿಹಾಲು. ಹಸುವಿನ ಹಾಲು ಸುರಿದರೆ ಹುಳಿಗೆ ಒಡೆದೀತು. ಕಾಯಿಹಾಲನ್ನೂ ಬೆರೆಸಿದ ಮೇಲೆ ಒಲೆಗಿಡಬಾರದು. ಸೌಟು ಆಡಿಸುತ್ತಿದ್ದಂತೆ ಮಸಿಯಂತಿದ್ದ ರಸ ಬದನೆ ಹೂವಿನ ಬಣ್ಣಕ್ಕೆ ಇಳಿಯುತ್ತದೆ. ಬಿಸಿ ಒತ್ತುಶ್ಯಾವಿಗೆಯ ಮೇಲೆ ಇದನ್ನು ಹುಯ್ದು ತಿನ್ನತಕ್ಕದ್ದು.

ಏಲಕ್ಕಿಯ ವಿಚಾರದಲ್ಲಿ ಪಾಠಾಂತರಗಳಿವೆ. ಹಾಕಬೇಕೆನ್ನುವವರು ರಾಮನವಮಿಯ ಬಾಳೆಹಣ್ಣಿನ ರಸಾಯನವನ್ನು ಉದಾಹರಿಸುತ್ತಾರೆ. ಹಣ್ಣಿನ ಪರಿಮಳವೇ ಬೇಕಾದಷ್ಟಿರುವಾಗ ಏಲಕ್ಕಿ ಪ್ರಕ್ಷಿಪ್ತವೆಂಬುದು ಈ ಲೇಖಕನ ಖಚಿತ ನಿಲುವು. ಗಸಗಸೆ ಹಾಕುವವರ ವಾದವನ್ನು ಚರ್ಚೆಗೆ ಎತ್ತಿಕೊಂಡಿಲ್ಲ.

ಬೇಸಿಗೆ ಇಳಿಮುಖವಾಗುವಾಗ ಕುರುಚಲು ಕಾಡಿನಂಚಿನಲ್ಲಿ ಕಪ್ಪಾಗುವ ಕವಳೆ ಹಣ್ಣು, ಮೊದಲ ಮಳೆಯ ಜೊತೆ ಉದುರುವ ನೇರಳೆ ಹಣ್ಣು ಈ ಅಧ್ಯಯನದ ವ್ಯಾಪ್ತಿಗೆ ಬಂದಿಲ್ಲ. ಕವಳೆಗೆ ಮುಳ್ಳೂ ಇದೆ, ಕಿತ್ತರೆ ಕೈಗೆ ಅಂಟುವ ಹಾಲೂ ಇದೆ. ಈ ಕ್ಷೇತ್ರಕ್ಕೆ ಕಿರಿಯ ಸಂಶೋಧಕರು ಬೇಕಾಗಿದ್ದಾರೆ. ಅರ್ಹತೆ: ಸ್ವಂತ ಕುಕ್ಕೆ, ಹಳೆಯ ಅಂಗಿ. ಅನುಭವಸ್ಥರು ಅರ್ಜಿ ಹಾಕುವ ಅಗತ್ಯವಿಲ್ಲ.